ಹತ್ತು ಕಿಲೋದ ಪೆಂಟಿ

ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ಮೂವತ್ತೊಂದು ವರ್ಸ ಹಮಾಲಿ ಮಾಡೇನಿ.
ಮೂವತ್ತು ಕಿಲೋದ ಪೆಂಟಿ
ಹೆಗಲ ಮ್ಯಾಲ ಸಣ್ಣ ಮಗಾ ಕುಂತಂಗ ಕುಂಡರತಿತ್ತು.
ನಾಕು ತಿಂಗಳದಾಗ
ಹದಿನೆಂಟು ಕಿಲೋ ನನ್ನನ್ನ ನಾ ಎಲ್ಲಿ ಇಳಿಸಿ ಬಂದೆ,
ಯಾವ ಅಡತ್ಯಾಗ, ಯಾವ ಲಾರ್ಯಾಗ,
ಪಾವತಿ ಇಲ್ಲ.

ಮದಲ ಬೆಲ್ಟ್ ಹೇಳ್ತು.
ಕಾಸಿದ ಮೊಳಿಲೆ ಒಂದು ತೂತು ಹಾಕಿದೆ,
ಹದಿನೈದು ದಿನಕ್ಕ ಇನ್ನೊಂದು,
ಮತ್ತ ಇನ್ನೊಂದು.
ಆಮ್ಯಾಲ ತೊಡಿ ಹೇಳ್ತು:
ಪಾಯಖಾನ್ಯಾಗ ಕುಂತಾಂವ
ಗ್ವಾಡಿ ಹಿಡದು ಏಳಬೇಕಾತು.
ರಾತ್ರಿ ಐದು ಸಲ ಎದ್ದು ಹೊಯ್ದ ಬಚ್ಚಲದಾಗ
ಮುಂಜಾನೆ ಇರಿವಿ ಸಾಲು.
ಕಲ್ಲವ್ವ ನೋಡಿ ಏನೂ ಅನಲಿಲ್ಲ,
ಸೆರಗಿನ ಗಂಟು ಬಿಚ್ಚಿ
ಆಟೋದ ರೊಕ್ಕ ಎಣಿಸಿದಳು.

ನಾನೂರಾ ಹನ್ನೆರಡು, ಅಂದ್ರು ಡಾಕ್ಟರು.
ಮಣಕ್ಕೇನ್ರಿ? ಅಂದೆ.
ಅವರು ನಗಲಿಲ್ಲ.

ಸೂಜಿ ಶುರುವಾತು, ಸಕ್ಕರಿ ಇಳೀತು,
ಹೋದ ಕಾಲು ಮಾತ್ರ ತಿರಗಿ ಬರಲಿಲ್ಲ.
"ಸೂಜಿ ಬಾಗಲಾ ತೆಗೀತೈತಿ, ಕಾಕಾ,
ಒಳಗ ಮಾಲು ನೀವ ಹೊರಬೇಕು"
ಅಂದಳು ಕಸರತ್ತು ಹೇಳಿಕೊಡೋ ಶಾಹಿಸ್ತಾ,
ಜಮಖಂಡಿ ಹುಡುಗಿ, ನನ್ನ ಮಗಳಿಗಿಂತ ಸಣ್ಣಾಕಿ.
ಒಂದು ಕಟಗಿ ಕುರ್ಚಿ ಮುಂದ ಇಟ್ಟಳು.
ಕೈ ಊರದಂಗ ಏಳ್ರಿ.

ಸಾವಿರ ಲಾರಿ ತುಂಬಿದಾಂವ
ಒಂದು ಕುರ್ಚಿ ಖಾಲಿ ಮಾಡಲಿಕ್ಕೆ ಆಗದ ಕುಂತೆ.
ಎರಡು ಸಲ ಎದ್ದೆ.
ಮೂರನೇದಕ್ಕ ಕ್ಯಾಲೆಂಡರ್ ಕಡೆ ಮಾರಿ ಮಾಡಿದೆ.
ಆಕಿ ಕಿಡಕಿ ತೆಗಿಯೋ ನೆವಾ ಮಾಡಿ
ಅತ್ತಾಗ ಹೋದಳು.

ದಿನಾ ಕುರ್ಚಿ. ದಿನಾ ಗ್ವಾಡಿ ದಬ್ಬೂದು.
ನನ್ನ ದಬ್ಬಾಟಕ್ಕ ಅದೇನ ಸರೀತೈತಿ, ಅಂತ
ಮೊಮ್ಮಗ ಆ ಕಡೆ ಹೋಗಿ ನೋಡಿ ಬರತಿದ್ದ.
ರೊಟ್ಟಿ ಎರಡಕ್ಕ ಇಳೀತು,
ಮಡಿಕಿ ಕಾಳಿನ ಉಸುಳಿ ತಾಟ್ ತುಂಬ ಏರಿತು.
ನೀರಿನ ಬಾಟ್ಲಿ ಎತ್ತಿದೆ,
ಉಸುಕು ತುಂಬಿದ ಬಾಟ್ಲಿ ಎತ್ತಿದೆ.
ಒಂದು ಸಂಜಿಕಿ ದಸ್ತಗೀರ
ತಟ್ಟಿನ್ಯಾಗ ಸುತ್ತಿದ ಹತ್ತು ಕಿಲೋದ ಪೆಂಟಿ ತಂದು
ಪಡಸಾಲ್ಯಾಗ ಇಟ್ಟ.
"ಎತ್ತು. ಇಳಸು. ನೆಕ್ಕಬ್ಯಾಡ."

ಎರಡು ತಿಂಗಳಾ ಅದರ ವಾಸನಿ ಮೂಗಿಗೆ,
ಅದರ ಭಾರ ಮೊಳಕೈಗೆ,
ಬಾಯಿಗೆ ಮಾತ್ರ ಬಡೇಸೋಪು.
ಮದಲ ಮೊಣಕಾಲ ತನಕ, ಆಮ್ಯಾಲ ಟೊಂಕಕ್ಕ,
ಒಂದಿನ ಎದಿಗೆ.
ಅವತ್ತ ಒಂದು ಸಂಶೆ ಹುಟ್ಟಿತು:
ಇರಿವಿ ದಿನಾ ಮೇಯತಾವ.
ನಾ ಗಟ್ಟ್ಯಾದೆನೋ, ಇದು ಹಗರಾತೋ?
ಪ್ಯಾಟಿಗೆ ಒಯ್ದು ಕಾಟಾದ ಮ್ಯಾಲ ಇಟ್ಟೆ.
ಒಂಬತ್ತು ಕಿಲೋ ಆರನೂರು.
ನಾಕನೂರು ಗ್ರಾಮ್ ಇರಿವಿ ಎತ್ತಿದ್ದವು.
ಉಳಿದದ್ದು ನಾ.

ಅದ ಖುಷಿಗೆ ಉಂಬೂದು ಮರತು
ಎಂಟು ಪೆಂಟಿ ಸರಿಸಿದೆ, ಒಂಬತ್ತನೇದಕ್ಕ
ಅಂಗಿ ತೊಯ್ದು ತೊಪ್ಪಡಿ,
ಕೈ ಥರಥರ, ಸವಾಲಿನ ದನಿ ಭಾವಿಯೊಳಗಿಂದ ಬಂದಂಗ.
ದಸ್ತಗೀರ ನೆಲದ ಮ್ಯಾಲಿನ ಚೂರು ಆರಿಸಿ
ನನ್ನ ಬಾಯಾಗ ತುರುಕಿದ.
ಏಳು ತಿಂಗಳ ಮ್ಯಾಲ ಬೆಲ್ಲ!
ರುಚಿ ಗೊತ್ತಾಗಲಿಲ್ಲ.
ಕಣ್ಣಿಗೆ ಬೆಳಕು ಬಂತು, ಅಷ್ಟ.
ಶಾಹಿಸ್ತಾ ಬೈದಳು ಬಾಯಿ ತುಂಬ,
ಉಪಾಸ ಕಸರತ್ತು ಮಾಡ್ತಾರೇನ್ರಿ ಅಂತ.

ಮೂವತ್ತು ಕಿಲೋದ್ದು ಈಗೂ ಏಳೂದಿಲ್ಲ.
ಅದನ್ನ ದಸ್ತಗೀರನ ಮಗಾ ಎತ್ತತಾನ,
ನಾ ಪಕ್ಕಕ್ಕ ನಿಂತು ಬೆನ್ನು ಸೆಟಿಸು, ಮೊಣಕಾಲು ಬಗ್ಗಿಸು
ಅಂತ ಬುದ್ಧಿ ಹೇಳ್ತೀನಿ, ಅಂವ ಕೇಳೂದಿಲ್ಲ.
ಬೆಲ್ಟ್ ಎರಡು ತೂತು ಹಿಂದಕ್ಕ ಬಂದೈತಿ,
ಒಂದು ಹಂಗ ಉಳದೈತಿ.
ಮೊನ್ನೆ ಪಾಯಖಾನ್ಯಾಗಿಂದ
ಗ್ವಾಡಿ ಮುಟ್ಟದ ಎದ್ದು ಬಂದೆ.
ಇದನ್ನ ಯಾರಿಗೆ ಹೇಳೂದು?
ಕಲ್ಲವ್ವ ನನ್ನ ಮಾರಿ ನೋಡಿ, ಏನಾತು, ಅಂದಳು.
ಏನಿಲ್ಲ, ಅಂದೆ.

ಕಿಸೇದಾಗ ಈಗ ಯಾವಾಗೂ
ಅಡತಿ ಪಾವತ್ಯಾಗ ಸುತ್ತಿದ
ಬೆಲ್ಲದ ಚೂರು.
ಕೈ ಹೋಗತೈತಿ, ಐತ್ಯೋ ಇಲ್ಲೋ ಅಂತ.
ಕಾಗದಕ್ಕ ಅಂಟಿಕೊಂಡೈತಿ.