ಇನ್ನೂರ ಹದಿನಾಲ್ಕು

ಮೂವತ್ತೊಂದು ವರ್ಷ ನಾನು ಆಡಿದ್ದು ಒಂದೇ ಮಾತು:
ಮುಟ್ಟಬೇಡಿ.
ಶಾಲೆಯ ಮಕ್ಕಳಿಗೆ, ಜರ್ಮನಿಯಿಂದ ರಜೆಗೆ ಬಂದ ಅಳಿಯಂದಿರಿಗೆ,
ಒಮ್ಮೆ ಮಂತ್ರಿಗೂ.
ಶಾರ್ ಬೆಟ್ಟದ ಬುಡದ ಈ ಊರಲ್ಲಿ
ನಾಜ್ಮಿಯೆ ಎಂದರೆ ಯಾರಿಗೂ ಗುರುತಿಲ್ಲ,
ಮುಟ್ಟಬೇಡಿ ಅತ್ತೆ ಎನ್ನಿ,
ರೊಟ್ಟಿಯಂಗಡಿಯವನೂ ಮನೆ ತೋರಿಸುತ್ತಾನೆ.

ಏಳು ಗುಮ್ಮಟದ ಹಮಾಮು ಇದು.
ಅಜ್ಜಿಯ ಕಾಲಕ್ಕೇ ಒಲೆ ಆರಿತ್ತು.
ಆಮೇಲೆ ಯಾರೋ ದೊಡ್ಡವರು ಬಂದು
ಬಾಗಿಲ ಮೇಲೆ ಹಲಗೆ ಹೊಡೆಸಿದರು: ಮ್ಯೂಸಿಯಂ.
ನೀರಿದ್ದಲ್ಲಿ ಬಂದೂಕು ಕೂತವು,
ಬಿಸಿಕೋಣೆಯಲ್ಲಿ ನಾಣ್ಯ,
ತಣ್ಣನೆ ಕೋಣೆಯಲ್ಲಿ ಹೊಟ್ಟೆಗೆ ಹುಲ್ಲು ತುರುಕಿದ ತೋಳ.
ಅದರ ಒಂದು ಕಣ್ಣು ಗಾಜು,
ಇನ್ನೊಂದು ನನ್ನ ಕೋಟಿನ ಗುಂಡಿ,
ನಾನೇ ಹೊಲಿದದ್ದು, ಯಾರಿಗೂ ಹೇಳಿಲ್ಲ.
ಗುಮ್ಮಟದ ನಕ್ಷತ್ರಗಂಡಿಗಳಿಗೆಲ್ಲ ತಗಡು ಬಡಿದರು,
ಮದುವಣಗಿತ್ತಿಯರ ಹಳೆಯ ಉಡುಪು ಬಿಸಿಲಿಗೆ ಬಣ್ಣಗೆಟ್ಟೀತೆಂದು.
ಗೋಡೆಗಂಟಿದ ಕಲ್ಲುಮರಿಗೆಗಳನ್ನು ಕೀಳಲಾಗದೆ
ಅವಕ್ಕೂ ನಂಬರು ಬರೆದರು, ಕೆಂಪು ಬಣ್ಣದಲ್ಲಿ.

ಈಗ ಲಾರಿ ಬಂದು ಎಲ್ಲ ಹೊತ್ತೊಯ್ದಿದೆ.
ತೋಳದ ಬಾಲ ಮಾತ್ರ
ತಿರುವು ದಾಟುವವರೆಗೂ ಹೊರಗೇ ಅಲ್ಲಾಡುತ್ತಿತ್ತು.

ನೆಜಿರ್ ಮೇಸ್ತ್ರಿ ಸುಣ್ಣವನ್ನು ಮೂರು ತಿಂಗಳು ಗುಂಡಿಯಲ್ಲಿ ನೆನೆಹಾಕಿದ.
ಸಿಮೆಂಟಿಗೆ ಉಸಿರಿಲ್ಲ ಅತ್ತೆ, ಎಂದ,
ಉಸಿರಿಲ್ಲದ್ದು ಬೆವರುವುದು ಹೇಗೆ?
ತಗಡು ಕಿತ್ತ ದಿನ
ಬೆಳಕು ಎಪ್ಪತ್ತು ಕಡೆ ಒಮ್ಮೆಲೇ ನೆಲಕ್ಕೆ ಬಿತ್ತು,
ಅವನು ಟೋಪಿ ತೆಗೆದ, ನಾನು ಸುಮ್ಮನೆ ಪೊರಕೆ ಹಿಡಿದು ನಿಂತೆ.
ಬಚ್ಚಲ ಕಾಲುವೆ ಬಗೆದಾಗ ಸಿಕ್ಕಿತು
ಅರ್ಧ ಹಲ್ಲುದುರಿದ ಮರದ ಬಾಚಣಿಗೆ.
ಆಫೀಸಿನ ಹುಡುಗ ಚೀಲ ಹುಡುಕುವುದರೊಳಗೆ
ಮೇಸ್ತ್ರಿ ಅದನ್ನು ನನ್ನ ಅಂಗೈಯಲ್ಲಿಟ್ಟಿದ್ದ.
ಬಾಯಿಗೆ ಅದೇ ಮಾತು ಬಂತು,
ಬೆರಳು ಅಷ್ಟರಲ್ಲಿ ಮುಟ್ಟಿಯಾಗಿತ್ತು.

ಒಲೆ ಹೊತ್ತಿಸಿದ ಮೊದಲ ಸಂಜೆ
ಹೊಗೆ ಗೂಡನ್ನು ಬಿಟ್ಟು ಪಕ್ಕದ ದರ್ಜಿಯ ಮನೆಯಲ್ಲಿ ಎದ್ದಿತು.
ಮನೆಮನೆಗೆ ಶವರಿದೆ, ಯಾರು ಬರುತ್ತಾರೆ ಇಲ್ಲಿಗೆ,
ಎಂದು ಕೆಮ್ಮುತ್ತಲೇ ಬೈದ ಅವನು.

ಹೆಂಗಸರ ದಿನ ಬಂದವರು ಐದೇ ಜನ.
ಅವರಲ್ಲಿ ಹಾವಾ.
ಯುದ್ಧದ ವಸಂತದಲ್ಲಿ ಬೆನ್ನು ಸುಟ್ಟುಕೊಂಡವಳು,
ಅಂದಿನಿಂದ ಸೊಸೆಗೂ ಬೆನ್ನು ತೋರದವಳು.
ನಡುಗಲ್ಲ ಮೇಲೆ ಬೋರಲು ಮಲಗಿದಳು.
ಆವಿಯಲ್ಲಿ ಗಾಯದ ಗಡಿಗಳು
ಒಣಗಿದ ಹೊಳೆಯ ಪಾತ್ರದಂತೆ ಕಂಡವು.
ನನ್ನ ಕೈಯಲ್ಲಿ ಉಜ್ಜುವ ಒರಟು ಚೀಲ, ಸಾಬೂನು.
ಹಲ್ಲಿನ ಹಿಂದೆ ಮೂವತ್ತೊಂದು ವರ್ಷ.

ಉಜ್ಜು, ಎಂದಳು.
ಮೆಲ್ಲಗೆ ಉಜ್ಜಿದೆ.
ನಾನೇನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆಯೇ ನಾಜ್ಮಿಯೆ,
ಸರಿಯಾಗಿ ಉಜ್ಜು!
ಉಳಿದ ನಾಲ್ವರ ನಗು ಗುಮ್ಮಟಕ್ಕೆ ಹೋಗಿ
ದೊಡ್ಡದಾಗಿ ವಾಪಸು ಬಂತು.

ಮರಿಗೆಗಳ ಕೆಂಪು ನಂಬರು ಮಾತ್ರ ಹೋಗಲಿಲ್ಲ.
ವಿನೆಗರ್ ಹಾಕಿದೆವು, ಮರಳು ಹಾಕಿ ತಿಕ್ಕಿದೆವು.
ಈಗ ಗುರುವಾರ ಗುರುವಾರ
ಕಾಲೇಜಿನ ಹುಡುಗಿಯರು ಟವೆಲು ಹಾರಿಸಿಕೊಂಡು ಓಡಿ ಬರುತ್ತಾರೆ,
ಒದ್ದೆ ಕಲ್ಲ ಮೇಲೆ ಜಾರುತ್ತ ಕೂಗುತ್ತಾರೆ:
ಇನ್ನೂರ ಹದಿನಾಲ್ಕು ನನಗೆ!
ಅಲ್ಲಿ ನೀರು ಬಿಸಿ ಜಾಸ್ತಿ.