ಖಾಸಗಿ ಸಂಸ್ಥೆಯೊಂದು

ಹನ್ನೊಂದನೇ ದಿನ ಮೆಹರುನ್ನೀಸಾ
ನಮ್ಮ ಪತ್ರಿಕೆ ಆಫೀಸಿನ ಮೆಟ್ಟಿಲು ಹತ್ತಿ ಬಂದಳು.
ಕೈಯಲ್ಲೊಂದು ನೋಟ್‌ಬುಕ್ಕು, ಅದರಲ್ಲಿ
ದೂರಿನ ನಂಬರುಗಳು ಒಂದರ ಕೆಳಗೊಂದು,
ಹಾಲಿನ ಲೆಕ್ಕ ಬರೆದ ಹಾಗೆ.

ಭಾಷಾ ನಗರದ ತಿರುವಿನಲ್ಲಿ ಅವಳ ಅಂಗಡಿ:
ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹೆಬ್ಬೆಟ್ಟು ಒತ್ತುವ ಗಾಜು,
ಮಂಡಕ್ಕಿ ಭಟ್ಟಿಯ ಹೊಗೆ ನುಗ್ಗದಂತೆ
ಬಾಗಿಲಿಗೊಂದು ಒದ್ದೆ ಗೋಣಿ.
ಹನ್ನೊಂದು ದಿನದಿಂದ ಪರದೆಯ ಮೇಲೆ
ಉಂಗುರವೊಂದು ಸುತ್ತುತ್ತಲೇ ಇದೆ.
ಸ್ಕಾಲರ್‌ಶಿಪ್ಪಿನ ಕಡೇ ದಿನ ಬಂತು, ಹೋಯಿತು.
ಭಟ್ಟಿಯವರ ಹುಡುಗಿಯರು ಮೂವರು
ಅಂಕಪಟ್ಟಿ ಮಡಚಿಕೊಂಡು ವಾಪಸ್ಸು ನಡೆದರು.

'ಫೋನ್ ಮಾಡಿದ್ರೆ ಒಬ್ಬಾಕಿ ಮಾತಾಡ್ತಾಳೆ ಸರ್,
ಎಷ್ಟು ಚಂದದ ಕನ್ನಡ!
ನಿಮ್ಮ ಕರೆ ನಮಗೆ ಅಮೂಲ್ಯ ಅಂತಾಳೆ.
ಹೂಂ ಅಂದ್ರೂ ಕೇಳಲ್ಲ, ಉಹೂಂ ಅಂದ್ರೂ ಕೇಳಲ್ಲ.
ವೈರು ಸತ್ತೈತೆ. ಬಿಲ್ಲು ಮಾತ್ರ
ಗುಂಡುಕಲ್ಲಿನಂಗೆ ಐತೆ.'

ಮೊದಲು ಕೊಟ್ರೇಶಿ ಇದ್ದ. ಕೇಬಲ್ ಕೊಟ್ರೇಶಿ.
ರಾತ್ರಿ ಹತ್ತಕ್ಕೆ ಅವನ ಮನೆ ಮುಂದೆ ನಿಂತು ಬೈದರೆ
ಲುಂಗಿ ಎತ್ತಿ ಕಟ್ಟಿ ಕಂಬ ಹತ್ತುತ್ತಿದ್ದ,
ಮೇಲಿನಿಂದಲೇ 'ಬಂತಾ?' ಅನ್ನುತ್ತಿದ್ದ,
ಬೀದಿಗೆ ಬೀದಿಯೇ 'ಬಂತೂ' ಅನ್ನುತ್ತಿತ್ತು.
ಅವನನ್ನು ಕಂಬ ಸಮೇತ ಕೊಂಡರು.
ಈಗ ಅವನಿಗೆ ಕಾಲರಿನ ಅಂಗಿ, ಕೊರಳಲ್ಲಿ ಅವನದೇ ಫೋಟೊ.
'ಮೇಲಿಂದ ಆರ್ಡರು ಬರದೆ ನಾ ಹತ್ತಂಗಿಲ್ಲಕ್ಕಾ' ಅಂತಾನೆ.
ಮೇಲೆ ಅಂದರೆ ಕಂಬದ ಮೇಲಲ್ಲ.
ಬೇರೆ ಕಂಪನಿಯದು ಹಾಕಿಸೋಣವೆಂದರೆ
ಅದೂ ಇವರದೇ, ಬಣ್ಣ ಬೇರೆ.

ವರದಿಗಾರ ಹಾಲೇಶ ಚುರುಕು ಹುಡುಗ.
ಹದಿನಾಲ್ಕು ಸಾಲು ಬರೆದ, ಕಂಪನಿಯ ಹೆಸರು ಶೀರ್ಷಿಕೆಯಲ್ಲೇ.
ನನ್ನ ಮೇಜಿಗೆ ಬಂತು. ನಾನು ಕರಡು ತಿದ್ದುವವನು.
ಅಷ್ಟರಲ್ಲಿ ಜಾಹೀರಾತಿನ ಸಿದ್ಧರಾಮಪ್ಪ
ಹಲ್ಲುಕಡ್ಡಿ ಕಚ್ಚಿಕೊಂಡೇ ಇಣುಕಿದರು:
'ನಾಳೆ ಮುಖಪುಟ ಪೂರ್ತಿ ಅವರದು, ಗೊತ್ತಲ್ಲ?'
ಅಷ್ಟೇ. ಯಾರೂ ಬೆದರಿಸಲಿಲ್ಲ,
ಯಾರ ದನಿಯೂ ಏರಲಿಲ್ಲ.
ಮೂರು ತಿಂಗಳ ಸಂಬಳ ಬಾಕಿಯಿತ್ತು ನಮಗೆಲ್ಲ;
ಅದೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿತ್ತು.

ಪೆನ್ನು ಎತ್ತಿದವನು ನಾನೇ.
ಕಾಗುಣಿತ ತಪ್ಪಿದ ಪದಕ್ಕೆ ಎಳೆಯುವಂಥದೇ ಗೆರೆ,
ಅಷ್ಟೇ ಉದ್ದ, ಅಷ್ಟೇ ಹಗುರ,
ಹೆಸರಿನ ಮೇಲೆ ಎಳೆದೆ.
ಅಂಚಿನಲ್ಲಿ ಬರೆದೆ: ಖಾಸಗಿ ಸಂಸ್ಥೆಯೊಂದು.
ಹದಿನಾಲ್ಕು ನಾಲ್ಕಾಯಿತು.
ಎರಡನೇ ಪುಟ, ಮೆಕ್ಕೆಜೋಳದ ಧಾರಣೆಯ ಕೆಳಗೆ:
'ಇಂಟರ್ನೆಟ್ ವ್ಯತ್ಯಯ, ಸಾರ್ವಜನಿಕರ ಪರದಾಟ.'
ವ್ಯತ್ಯಯ.
ಗ್ರಹಣ ಹಿಡಿದ ಹಾಗೆ, ಯಾರೂ ಮಾಡಿದ್ದಲ್ಲ.

ಮರುದಿನ ಸಂಜೆ ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತು.
ಗಾಡಿಯವನು ನಮ್ಮದೇ ಪತ್ರಿಕೆ ಹರಿದು
ನಾಲ್ಕು ಮಿರ್ಚಿ ಕಟ್ಟಿಕೊಟ್ಟ.
ಹೊರಮೈಯಲ್ಲಿ ಜಾಹೀರಾತು. ನಗುವ ಸಂಸಾರ,
ಸೋಫಾ, 'ಸದಾ ನಿಮ್ಮೊಂದಿಗೆ'.
ಎಣ್ಣೆ ಇಳಿಯತೊಡಗಿತು.
ನಗುವ ತಾಯಿಯ ಕೆನ್ನೆ ಮೊದಲು ತೆಳುವಾಯಿತು, ಆಮೇಲೆ ಹಣೆ.
ಹಿಂಬದಿಯ ಅಕ್ಷರಗಳು ಉಲ್ಟಾ ಉಲ್ಟಾ ಮೇಲೆದ್ದವು.

ಸೀಸದ ಮೊಳೆ ಜೋಡಿಸಿ ಬೆಳೆದವನು ನಾನು,
ಮಂಡಿಪೇಟೆಯ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷ.
ಈ ಕಣ್ಣಿಗೆ ಉಲ್ಟಾ ಅಕ್ಷರವೇ ನೆಟ್ಟಗೆ.
ಗೂಡ್ಸು ಗಾಡಿ ದಾಟಿ ಮುಗಿಯುವವರೆಗೆ
ಆ ನಗುವ ಹಣೆಯ ಮೇಲೆ
ಮೆಹರುನ್ನೀಸಾಳ ನಾಲ್ಕು ಸಾಲು ಓದಿದೆ, ಎರಡು ಸಲ.
ದೀರ್ಘ, ಒತ್ತು, ಸೊನ್ನೆ, ಎಲ್ಲ ಸರಿಯಾಗಿತ್ತು.
ಒಂದೂ ತಪ್ಪಿರಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಅವಳೇ.
'ಸುದ್ದಿ ಬಂತಾ ಸರ್?'
ಎಣ್ಣೆ ಕೈಯಲ್ಲೇ ಹಿಡಿದು 'ಬಂತು' ಅಂದೆ.
ಆ ಕಡೆ ಬೀದಿಯ ಸದ್ದೇ ಇರಲಿಲ್ಲ.

ಈ ಪದ್ಯದಲ್ಲೂ ಆ ಹೆಸರು ಇಲ್ಲ, ನೋಡಿ.
ಬರೆದಿದ್ದೆ. ಕೈ ರೂಢಿ.