ದಂಡಿಗೆ ಹಚ್ಚೋದು

"ನಡುಹೊಳಿ ದಾಟೋದು ದೊಡ್ಡದಲ್ಲ, ಗ್ಯಾನಮ್ಮ,
ನೀರು ಅಗಲೈತಿ, ತಪ್ಪಿಗೂ ಜಾಗ ಐತಿ.
ಕಡೀ ನಾಕು ಮಾರು ಅದಾವಲ್ಲ,
ಅಲ್ಲೇ ಹರಗೋಲು ಸುಳ್ಳು ಹೇಳ್ತೈತಿ:
ನಿಂತೀನಿ ಅಂತೈತಿ, ನಿಂತಿರಂಗಿಲ್ಲ."

ಆನೆಗುಂದಿಯ ದಂಡೆಯಲ್ಲಿ ಯಮನೂರಪ್ಪ
ಕಲ್ಲಿಗೆ ಕಟ್ಟಿದ ಟೈರು ಒತ್ತಿ ನೋಡುತ್ತಾನೆ,
ಲೂನಾದ್ದೊಂದು, ಟ್ರ್ಯಾಕ್ಟರಿನದೊಂದು.
"ಇವು ಕಡೀಕ. ಮೊದಲು ಹುಟ್ಟು.
ಹುಟ್ಟಿಗಿಂತ ಮೊದಲು ಕಣ್ಣು."

ಮಂಗಳೂರು ಬಂದರಿನಿಂದ ಅಳಿಯನ ಫೋನು:
ಇನ್ನೂರು ಮೀಟರಿನ ಹಡಗು, ಮಾಮ,
ಗೋಡಿ ಮುಟ್ಟುವಾಗ ಇರುವಿಗಿಂತ ನಿಧಾನ,
ಸುತ್ತ ನಾಕು ಟಗ್ಗು ಹಿಡಕೊಂಡಿರ್ತಾವು.
"ನಮ್ಮದು ಒಂದೇ ಟಗ್ಗು, ಈ ಮೊಣಕಾಲು,"
ನಗುತ್ತ ಧೋತರ ಎತ್ತಿ ತೋರಿಸಿದ ಕಲೆ
ಫೋನಿಗೆ ಕಾಣಲಿಲ್ಲ.

ಆ ವರ್ಷ, ಡ್ಯಾಮಿನ ಗೇಟು ತೆಗೆದ ದಿನ,
ಎರಡು ಹರಗೋಲು ಒಂದೇ ಮೆಟ್ಟಿಲು ಬಯಸಿದ್ದವು.
ಒಂದರಲ್ಲಿ ಮೂರು ಬೈಕು.
ಇನ್ನೊಂದರ ಮಾತು ಅವನು ಆಡುವುದಿಲ್ಲ.

ಈಗ ಹುಟ್ಟು ಗ್ಯಾನಮ್ಮನ ಕೈಯಲ್ಲಿ.
ಸೆಳವಿಗೆ ಮುಖ ಕೊಟ್ಟು, ಓರೆಯಾಗಿ, ಬರುತ್ತಾಳೆ.
ಯಾರೋ ಅವಸರಕ್ಕೆ ಎದ್ದು ನಿಂತರು.
"ಕುಂದರ್ರಿ," ಅಂದಳು, ತಿರುಗದೆ.

ಟೈರು ಉಸಿರು ಬಿಟ್ಟಷ್ಟೇ ಸದ್ದು.
ಹಾಲಿನ ಕ್ಯಾನಿನ ಮುಚ್ಚಳ ಅಲುಗಲಿಲ್ಲ.
ಯಮನೂರಪ್ಪ ಹೊಗಳಲಿಲ್ಲ,
ಬಗ್ಗಿ ಮತ್ತೆ ಟೈರು ಒತ್ತಿ ನೋಡಿದ.